ಜಲಜನಕ ಉಣ್ಣುವವರ ಹಸಿವಿನ ಲೆಕ್ಕ

ಮೊರಾವಿಯಾ ಸೀಮೆಯ ಲೊಬೊಡಿತ್ಸೆ ಸಣ್ಣ ಊರು. ಈಗ ಚೆಕ್ ಗಣರಾಜ್ಯಕ್ಕೆ ಸೇರಿದ ಆ ಊರಿನ ನೆಲದಡಿ, ನೂರಾರು ಮೀಟರ್ ಆಳದಲ್ಲಿ, ನೀರು ಹೀರಿ ಕುಳಿತ ಕಲ್ಲಿನ ಪದರವೊಂದಿದೆ. 1965ರಿಂದ ಅದನ್ನೇ ಅನಿಲದ ಕಣಜ ಮಾಡಿಕೊಂಡಿದ್ದರು. ಕಲ್ಲಿದ್ದಲಿನಿಂದ ತಯಾರಾಗಿ ಪಟ್ಟಣಗಳ ಒಲೆಗೆ ಹೋಗುತ್ತಿದ್ದ ಅನಿಲವನ್ನು ಬೇಡಿಕೆ ಇಳಿದಾಗ ಒಳಕ್ಕೆ ತಳ್ಳುವುದು, ಚಳಿ ಬಂದಾಗ ಹೊರಗೆ ತೆಗೆಯುವುದು. ನಮ್ಮ ಬಯಲುಸೀಮೆಯವರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಹಾಗೆಯೇ.

ಆದರೆ ತುಂಬಿದ ಕಾಳೇ ತಿರುಗಿ ಸಿಗುತ್ತಿರಲಿಲ್ಲ. ಒಳಗೆ ಹೋಗುವಾಗ ಅನಿಲದಲ್ಲಿ ಶೇಕಡಾ 54ರಷ್ಟು ಜಲಜನಕ, 22ರಷ್ಟು ಮೀಥೇನ್ ಇತ್ತು. ಏಳು ತಿಂಗಳ ನಂತರ ನೋಡಿದರೆ ಜಲಜನಕ 37ಕ್ಕೆ ಇಳಿದಿತ್ತು, ಮೀಥೇನ್ 40ಕ್ಕೆ ಏರಿತ್ತು. ಎಲ್ಲೋ ಸೋರಿ ಹೋಯಿತು ಎನ್ನುವಂತಿರಲಿಲ್ಲ. ಸೋರಿದರೆ ಅನಿಲ ಕಡಿಮೆಯಾದೀತು, ಬೇರೆ ಅನಿಲವಾಗದು. ಆಳದ ನೀರನ್ನು ಮೇಲೆತ್ತಿ ಪರೀಕ್ಷಿಸಿದಾಗ ಉತ್ತರ ಸಿಕ್ಕಿತು. ಒಂದೊಂದು ಮಿಲಿಲೀಟರ್ ನೀರಿನಲ್ಲೂ ಸಾವಿರದಿಂದ ಹತ್ತು ಸಾವಿರದಷ್ಟು ಸೂಕ್ಷ್ಮಜೀವಿಗಳಿದ್ದವು. ಗಾಳಿಯಿಲ್ಲ, ಬೆಳಕಿಲ್ಲ, ಸುತ್ತಲೂ ಬರೀ ಕಲ್ಲು. ಅಲ್ಲಿ ಅವು ಜಲಜನಕವನ್ನು ಉಂಡು, ಇಂಗಾಲದ ಡೈಆಕ್ಸೈಡನ್ನು ಉಸಿರಾಡಿ, ಮೀಥೇನನ್ನು ಹೊರಬಿಡುತ್ತಿದ್ದವು. 1990ರಲ್ಲಿ ಈ ವರದಿ ಪ್ರಕಟವಾಯಿತು.

ಈ ಜೀವಿಗಳ ಹಸಿವನ್ನು ಅಳೆಯಲು, ಅದಕ್ಕೊಂದು ಸೂತ್ರ ಕಟ್ಟಲು ಮನುಷ್ಯರು ಪಟ್ಟ ಪಾಡು ಸುಮಾರು ಇನ್ನೂರೈವತ್ತು ವರ್ಷಗಳಷ್ಟು ಹಳೆಯದು. ಅದರಲ್ಲಿ ಹೆಚ್ಚಿನ ಕಾಲ ಹೋದದ್ದು ಉಣ್ಣುವವರು ಯಾರು ಎಂದು ತಿಳಿಯುವುದಕ್ಕೇ. ಎಷ್ಟು ಉಣ್ಣುತ್ತಾರೆ ಎಂಬ ಪ್ರಶ್ನೆ ಆಮೇಲಿನದು.

1776ರ ನವೆಂಬರ್. ಇಟಲಿಯ ಮಜ್ಜೋರೆ ಸರೋವರದ ದಡದಲ್ಲಿ, ಅಂಜೆರಾ ಊರಿನ ಹತ್ತಿರ, ಅಲೆಸ್ಸಾಂಡ್ರೊ ವೋಲ್ಟಾ ಕೋಲಿನಿಂದ ಕೆಸರು ಕದಡುತ್ತಿದ್ದ. ಬುಳುಬುಳು ಎದ್ದ ಗುಳ್ಳೆಗಳನ್ನು, ನೀರು ತುಂಬಿ ಬೋರಲು ಹಿಡಿದ ಶೀಷೆಯೊಳಗೆ ಹಿಡಿದ. ಬೆಂಕಿ ತಾಗಿಸಿದರೆ ಆ ಗಾಳಿ ನೀಲಿಯಾಗಿ ಮೆಲ್ಲಗೆ ಉರಿಯಿತು. ಜವುಗಿನಿಂದ ಹುಟ್ಟುವ ಈ ಉರಿಯುವ ಗಾಳಿಯ ಬಗ್ಗೆ ಅವನು ಬರೆದ ಪತ್ರಗಳು ಮರುವರ್ಷವೇ ಪುಸ್ತಕವಾದವು. ಮೀಥೇನಿನ ಇತಿಹಾಸ ಶುರುವಾಗುವುದು ಅಲ್ಲಿಂದ. ಆ ಗಾಳಿಯನ್ನು ಮಾಡುವ ಜೀವಿಯ ಸುಳಿವು ವೋಲ್ಟಾನಿಗೆ ಇರಲಿಲ್ಲ. ಸೂಕ್ಷ್ಮಜೀವಿಗಳು ಹೀಗೆಲ್ಲ ಮಾಡುತ್ತವೆಂದು ಹೇಳಲು ಆಗ ಯಾರಿಗೂ ಆಧಾರವಿರಲಿಲ್ಲ. ಕೊಳೆತ ಎಲೆಯೂ ಕೆಸರೂ ಸೇರಿ ತಾವಾಗಿಯೇ ಗಾಳಿ ಬಿಡುತ್ತವೆ ಎಂಬ ತಿಳುವಳಿಕೆ ಬಹುಕಾಲ ನಡೆಯಿತು.

ಜಲಜನಕ ಕಥೆಯೊಳಗೆ ಬಂದದ್ದು 1906ರಲ್ಲಿ, ನೆದರ್ಲೆಂಡ್ಸಿನ ಡೆಲ್ಫ್ಟ್ ಪಟ್ಟಣದಲ್ಲಿ. ಅಲ್ಲಿನ ಸೂಕ್ಷ್ಮಜೀವಿ ವಿಜ್ಞಾನಿ ಬೈಯರಿಂಕ್ ಅವರ ಶಿಷ್ಯ ನಿಕೊಲಾಸ್ ಸೊಂಗೆನ್ ತಮ್ಮ ಪ್ರಬಂಧಕ್ಕೆ ಜಲಜನಕ ಮತ್ತು ಮೀಥೇನುಗಳ ಹುಟ್ಟು ಹಾಗೂ ಕಣ್ಮರೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. ಹುಟ್ಟಿನಷ್ಟೇ ಕಣ್ಮರೆಗೂ ಬೆಲೆ ಕೊಟ್ಟದ್ದರಲ್ಲಿ ಅವರ ಸೂಕ್ಷ್ಮ ಕಾಣುತ್ತದೆ. ಜೀವಿಗಳಿಗೆ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನಷ್ಟೇ ಕೊಟ್ಟು ಮುಚ್ಚಿಟ್ಟರೆ ಅನಿಲದ ಗಾತ್ರ ಕುಗ್ಗುತ್ತಿತ್ತು, ಉಳಿದದ್ದು ಮೀಥೇನ್ ಆಗಿರುತ್ತಿತ್ತು. ನಾಲ್ಕು ಪಾಲು ಜಲಜನಕ, ಒಂದು ಪಾಲು ಇಂಗಾಲದ ಡೈಆಕ್ಸೈಡ್, ಎರಡೂ ಸೇರಿ ಒಂದೇ ಪಾಲು ಮೀಥೇನ್, ಜೊತೆಗೆ ನೀರು. ಐದು ಪಾಲು ಅನಿಲ ಒಂದು ಪಾಲಾಗುವ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಲೊಬೊಡಿತ್ಸೆಯ ಅಂಕಿಗಳನ್ನು ನೋಡಿದರೆ ಅಲ್ಲಿ ಆದದ್ದು ಕಣ್ಣಿಗೆ ಕಟ್ಟುತ್ತದೆ.

ಉಸಿರಾಟ ಎಂದರೆ ಆಮ್ಲಜನಕ ಎಂದೇ ನಾವು ಶಾಲೆಯಲ್ಲಿ ಕಲಿತದ್ದು. ಜೀವರಸಾಯನದ ಕಣ್ಣಿನಲ್ಲಿ ಅದು ಎಲೆಕ್ಟ್ರಾನುಗಳನ್ನು ದಾಟಿಸುವ ಕೆಲಸ. ಊಟದಿಂದ ಬಿಡಿಸಿಕೊಂಡ ಎಲೆಕ್ಟ್ರಾನನ್ನು ಯಾರಾದರೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ದಾಟಿಸುವ ದಾರಿಯಲ್ಲಿ ಜೀವಿಗೆ ಶಕ್ತಿ ಸಿಗುತ್ತದೆ. ನಮ್ಮ ಮೈಯಲ್ಲಿ ಕೈಯೊಡ್ಡುವುದು ಆಮ್ಲಜನಕ. ಗಾಳಿ ತಲುಪದ ಕಡೆ ನೈಟ್ರೇಟ್, ತುಕ್ಕಿನಂಥ ಕಬ್ಬಿಣ, ಸಲ್ಫೇಟ್, ಕೊನೆಗೆ ಇಂಗಾಲದ ಡೈಆಕ್ಸೈಡ್ ಕೂಡ ಆ ಕೆಲಸ ಮಾಡುತ್ತವೆ. ಕೆರೆಯ ತಳದ ಕರಿ ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಸಲ್ಫೇಟನ್ನು ಉಸಿರಾಡುವವರಿಂದ.

ಜಲಜನಕವನ್ನು ಮುರಿದು ಎಲೆಕ್ಟ್ರಾನು ತೆಗೆಯುವ ಸಾಧನ ಜೀವಿಯೊಳಗೆ ಏನಿದೆ? ಕೇಂಬ್ರಿಜ್‌ನಲ್ಲಿ ಮಾರ್ಜರಿ ಸ್ಟೀಫೆನ್‌ಸನ್ ಮತ್ತು ಲಿಯೊನಾರ್ಡ್ ಸ್ಟಿಕ್‌ಲ್ಯಾಂಡ್ 1931ರಲ್ಲಿ ಆ ಕಿಣ್ವವನ್ನು ಗುರುತಿಸಿ ಹೈಡ್ರೋಜನೇಸ್ ಎಂದು ಹೆಸರಿಟ್ಟರು. ಅವರಿಗೆ ಜೀವಿಗಳನ್ನು ಕೊಟ್ಟದ್ದು ಊಸ್ ನದಿಯ ಕೆಸರು. ಬೀಟ್ ಸಕ್ಕರೆ ಕಾರ್ಖಾನೆಯ ಕೊಳೆ ಸೇರಿ ಆ ಹೊಳೆ ಕೆಟ್ಟಿತ್ತು. ಹೆಂಗಸರನ್ನು ಬಹುಕಾಲ ಹೊರಗೇ ನಿಲ್ಲಿಸಿದ್ದ ರಾಯಲ್ ಸೊಸೈಟಿ 1945ರಲ್ಲಿ ಮೊದಲ ಬಾರಿಗೆ ಇಬ್ಬರು ಮಹಿಳೆಯರನ್ನು ಸದಸ್ಯರಾಗಿ ಆರಿಸಿಕೊಂಡಾಗ ಅವರಲ್ಲೊಬ್ಬರು ಸ್ಟೀಫೆನ್‌ಸನ್. ನಾರುವ ನದಿಯ ಕೆಸರಿಗೆ ಕೈಹಾಕಿ ಅವರು ತೆಗೆದ ಆ ಒಂದು ಹೆಸರಿಲ್ಲದೆ ಇಂದು ಈ ವಿಷಯದಲ್ಲಿ ಒಂದು ವಾಕ್ಯವನ್ನೂ ಬರೆಯಲಾಗದು.

ಹೈಡ್ರೋಜನೇಸ್ ಸಿಕ್ಕ ಸುಮಾರು ಹತ್ತು ವರ್ಷಕ್ಕೆ ಇನ್ನೊಂದು ಕಡೆ, ಈ ಜೀವಿಗಳ ಪರಿಚಯವೇ ಇಲ್ಲದವರೊಬ್ಬರು ಸೂತ್ರದ ಕೆಲಸ ಮಾಡುತ್ತಿದ್ದರು. ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ಜಾಕ್ ಮೊನೊ ಬ್ಯಾಕ್ಟೀರಿಯಾಗಳಿಗೆ ಅಳೆದು ಅಳೆದು ಸಕ್ಕರೆ ಕೊಟ್ಟು ಅವು ಬೆಳೆಯುವ ವೇಗವನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಹೊರಗೆ ಅವರು ಪ್ರತಿರೋಧ ಚಳವಳಿಯ ಕಾರ್ಯಕರ್ತ. ಒಳಗೆ ಶೀಷೆ, ಸಕ್ಕರೆ, ಗ್ರಾಫ್ ಹಾಳೆ. ಅವರ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅದರಲ್ಲಿದ್ದ ಸಣ್ಣ ಸಮೀಕರಣ ಇಂದಿಗೂ ಚರಂಡಿ ನೀರಿನ ಎಂಜಿನಿಯರಿನಿಂದ ಹಿಡಿದು ಮೊಸರಿನ ಕಾರ್ಖಾನೆಯವರೆಗೆ ಎಲ್ಲರ ಕೈಯಲ್ಲಿದೆ.

ಮದುವೆಮನೆಯ ಪಂಕ್ತಿಯನ್ನು ನೆನೆದರೆ ಮೊನೊ ಸೂತ್ರ ಸಲೀಸಾಗಿ ಹಿಡಿತಕ್ಕೆ ಬರುತ್ತದೆ. ಬಡಿಸುವವರು ಅಪರೂಪಕ್ಕೊಮ್ಮೆ ಬಂದರೆ ಉಣ್ಣುವವನ ವೇಗ ಅವರ ಕೈಯಲ್ಲಿರುತ್ತದೆ. ಅವರು ಬೇಗ ಬೇಗ ಬಂದಷ್ಟೂ ಇವನೂ ಬೇಗ ಬೇಗ ಉಣ್ಣುತ್ತಾನೆ. ಒಂದು ಹಂತ ದಾಟಿದ ಮೇಲೆ ಎಲೆ ತುಂಬ ಸುರಿದರೂ ಕೈಬಾಯಿಯ ವೇಗ ಏರುವುದಿಲ್ಲ. ಆ ಗರಿಷ್ಠ ವೇಗ ಸೂತ್ರದ ಮೊದಲ ಸಂಖ್ಯೆ. ಅದರ ಅರ್ಧ ವೇಗದಲ್ಲಿ ಉಣ್ಣಬೇಕಾದರೆ ಎಲೆಯಲ್ಲಿ ಎಷ್ಟಿರಬೇಕು ಎಂಬುದು ಎರಡನೆಯದು. ಇದು ಚಿಕ್ಕದಾದಷ್ಟೂ ಆ ಜೀವಿ ಬಡತನದಲ್ಲಿ ಬದುಕಲು ಗಟ್ಟಿ. ಉಂಡದ್ದರಲ್ಲಿ ಮೈಗೆ ಹತ್ತಿದ್ದು ಎಷ್ಟು ಎಂಬುದು ಮೂರನೆಯದು. ಈ ಮೂರು ಸಂಖ್ಯೆಯ ಜೊತೆ ಇಂದು ಇರುವ ಜೀವಿಗಳ ಮತ್ತು ಊಟದ ಲೆಕ್ಕ ಗೊತ್ತಿದ್ದರೆ ನಾಳೆ ಶೀಷೆಯಲ್ಲಿ ಎಷ್ಟು ಜೀವಿಗಳಿರುತ್ತವೆ, ಎಷ್ಟು ಊಟ ಉಳಿದಿರುತ್ತದೆ ಎಂದು ಇಂದೇ ಹೇಳಬಹುದು.

ಸಕ್ಕರೆ ಉಣ್ಣುವವರಿಗೆ ಸಲೀಸಾಗಿ ಹೊಂದಿದ ಈ ಸೂತ್ರವನ್ನು ಜಲಜನಕ ಉಣ್ಣುವವರಿಗೆ ಹೊಂದಿಸಲು ಮತ್ತೆ ನಾಲ್ಕು ದಶಕ ಹಿಡಿಯಿತು. ಮೊದಲ ಅಡ್ಡಿ ಒಂದು ತಪ್ಪು ಗುರುತು.

ಹೊರೇಸ್ ಬಾರ್ಕರ್ 1940ರಲ್ಲಿ ಮೀಥೇನ್ ಬಿಡುವ ಜೀವಿಯೊಂದನ್ನು ವಿವರಿಸಿದ್ದರು. ರಷ್ಯಾದ ವಿಜ್ಞಾನಿ ಒಮೆಲಿಯಾನ್‌ಸ್ಕಿಯ ಹೆಸರನ್ನು ಅದಕ್ಕೆ ಇಟ್ಟಿದ್ದರು. ಆಲ್ಕೊಹಾಲನ್ನು ಉಂಡು ಮೀಥೇನ್ ಬಿಡುವ ಒಂಟಿ ಜೀವಿ ಎಂದು ಎಲ್ಲರೂ ಅದನ್ನು ನಂಬಿದ್ದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವುಲ್ಫ್ ಅದನ್ನು ಬೆಳೆಸಿ ಅದರೊಳಗಿನ ಕಿಣ್ವಗಳನ್ನು ಹುಡುಕುತ್ತಿದ್ದರು. ಅಲ್ಲಿಗೆ ಬಂದವರು ಮಾರ್ವಿನ್ ಬ್ರಯಂಟ್. ಹಸುವಿನ ಹೊಟ್ಟೆಯ ಜೀವಿಗಳನ್ನು ಬೆಳೆಸುವುದರಲ್ಲಿ ಪಳಗಿದ ಕೈ ಅವರದು. ರಾಬರ್ಟ್ ಹಂಗೇಟ್ ಅವರಿಂದ ಕಲಿತ ವಿದ್ಯೆ.

ಆ ವಿದ್ಯೆಯನ್ನು ಹತ್ತಿರದಿಂದ ನೋಡಬೇಕು. ಕಾದ ತಾಮ್ರದ ಮೇಲೆ ಹಾಯಿಸಿ ಆಮ್ಲಜನಕದ ಕೊನೆಯ ತುಣುಕನ್ನೂ ಕಳೆದ ಅನಿಲವನ್ನು ಸಣ್ಣ ನಳಿಕೆಯಿಂದ ಗಾಜಿನ ಕೊಳವೆಯೊಳಗೆ ಬಿಡುತ್ತಲೇ ಇರಬೇಕು. ಕರಗಿದ ಅಗರ್ ದ್ರವಕ್ಕೆ ಜೀವಿಗಳನ್ನು ಸೇರಿಸಿ, ನಳಿಕೆ ತೆಗೆದ ಕ್ಷಣವೇ ರಬ್ಬರ್ ಬಿರಡೆ ಒತ್ತಬೇಕು. ಕೊಳವೆಯನ್ನು ತಣ್ಣೀರಿನಲ್ಲಿ ಮಲಗಿಸಿ ಗರಗರನೆ ಉರುಳಿಸಿದರೆ ಅಗರ್ ಒಳಗೋಡೆಗೆ ತೆಳ್ಳಗೆ ಬಳಿದಂತೆ ಅಂಟಿ ಗಟ್ಟಿಯಾಗುತ್ತದೆ. ದ್ರವದಲ್ಲಿ ಬೆರೆಸಿದ ರೆಸಜುರಿನ್ ಬಣ್ಣ ಕಾವಲುಗಾರ: ಎಲ್ಲೋ ಒಂದಿಷ್ಟು ಗಾಳಿ ನುಸುಳಿದರೆ ದ್ರವ ಗುಲಾಬಿಯಾಗುತ್ತದೆ, ಆ ದಿನದ ಕೆಲಸ ಹಾಳಾಯಿತೆಂದು ತಿಳಿಯಬೇಕು. ದಿನಗಳು ಕಳೆದ ಮೇಲೆ ಗಾಜಿನ ಗೋಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಜೀವಿಗಳ ಗುಂಪುಗಳು ಕಾಣಿಸಿಕೊಳ್ಳುತ್ತವೆ.

ಬ್ರಯಂಟ್ ಆ ಚುಕ್ಕಿಗಳಿಂದ ತೆಗೆದ ಮೀಥೇನ್ ಜೀವಿ ಜಲಜನಕವನ್ನು ಚೆನ್ನಾಗಿ ಉಂಡಿತು, ಆಲ್ಕೊಹಾಲನ್ನು ಮುಟ್ಟಲೇ ಇಲ್ಲ. ಹಾಗಾದರೆ ಇಷ್ಟು ವರ್ಷ ಆಲ್ಕೊಹಾಲು ಉಂಡದ್ದು ಯಾರು? ಹುಡುಕಿದಾಗ ಅದೇ ಶೀಷೆಯಲ್ಲಿ ಎರಡನೆಯ ಜೀವಿ ಸಿಕ್ಕಿತು. ಅದು ಆಲ್ಕೊಹಾಲನ್ನು ಅಸಿಟೇಟ್ ಮಾಡಿ ಜಲಜನಕ ಬಿಡುತ್ತದೆ, ಆದರೆ ತಾನು ಬಿಟ್ಟ ಜಲಜನಕ ಸುತ್ತ ತುಂಬಿಕೊಂಡರೆ ಅದರ ಬೆಳವಣಿಗೆ ನಿಲ್ಲುತ್ತದೆ. ಮೊದಲನೆಯದು ಆ ಜಲಜನಕವನ್ನು ಆಗಿಂದಾಗ ಉಂಡು ಜಾಗ ಖಾಲಿ ಮಾಡಿದರೇ ಎರಡನೆಯದಕ್ಕೆ ಬಾಳು. ಇಬ್ಬರನ್ನೂ ಮತ್ತೆ ಒಟ್ಟು ಮಾಡಿದಾಗ ಹಳೆಯ ಜೀವಿ ಮರಳಿ ಬಂದಂತಾಯಿತು. ಬ್ರಯಂಟ್, ವುಲ್ಫ್ ಮತ್ತು ವೊಲಿನ್ ದಂಪತಿ 1967ರಲ್ಲಿ ಇದನ್ನು ಪ್ರಕಟಿಸಿದರು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಒಬ್ಬನೆಂದು ತಿಳಿದವನು ಇಬ್ಬರಾಗಿದ್ದ.

ಈ ಒಂದು ಲೇಖನ ಇಡೀ ವಿಷಯದ ಬೆನ್ನೆಲುಬು. ಅಲ್ಲಿಯವರೆಗೆ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಜಲಜನಕ ಅಳೆಯಲು ಹೋದವರಿಗೆ ಸಿಗುತ್ತಿದ್ದುದು ಇಲ್ಲವೆನ್ನುವಷ್ಟು ಅಲ್ಪ. ಹಾಗಾಗಿ ಅಲ್ಲಿ ಜಲಜನಕಕ್ಕೆ ಕೆಲಸವಿಲ್ಲವೆಂದೇ ತೋರುತ್ತಿತ್ತು. ನಿಜ ಬೇರೆಯೇ ಇತ್ತು. ಹೊಳೆಯಷ್ಟು ಜಲಜನಕ ಹರಿದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ ಅಷ್ಟೆ. ಮೆಲುಕು ಹಾಕುತ್ತ ಕುಳಿತ ಹಸು ದಿನಕ್ಕೆ ಇನ್ನೂರೈವತ್ತರಿಂದ ಐನೂರು ಲೀಟರ್ ಮೀಥೇನ್ ತೇಗಬಹುದು. ಅದರ ಬಹುಪಾಲು ಹೊಟ್ಟೆಯೊಳಗೆ ಹುಟ್ಟಿದ ಕೂಡಲೇ ಉಣ್ಣಲ್ಪಟ್ಟ ಜಲಜನಕದಿಂದ ಆದದ್ದು.

ಎರಡನೆಯ ಅಡ್ಡಿ ಅಳತೆಯದು. ಸಕ್ಕರೆ ನೀರಿನಲ್ಲಿ ಕರಗುತ್ತದೆ, ಜಲಜನಕ ಕರಗುವುದೇ ಕಷ್ಟ. 25 ಡಿಗ್ರಿಯ ಒಂದು ಲೀಟರ್ ನೀರಿನ ಮೇಲೆ ಶುದ್ಧ ಜಲಜನಕವನ್ನೇ ನಿಲ್ಲಿಸಿದರೂ ಒಳಗೆ ಕರಗುವುದು ಸುಮಾರು ಒಂದೂವರೆ ಮಿಲಿಗ್ರಾಂ. ಜೀವಿಗಳು ಅದನ್ನು ಉಣ್ಣುವಷ್ಟೇ ಬೇಗ ಮೇಲಿನಿಂದ ಇಳಿಯದಿದ್ದರೆ, ಪ್ರಯೋಗಶಾಲೆಯಲ್ಲಿ ಬರೆದುಕೊಂಡ ವೇಗ ಜೀವಿಯ ಹಸಿವಿನದಲ್ಲ, ಅನಿಲ ನೀರಿಗಿಳಿಯುವ ವೇಗ. ಬಡಿಸುವವನ ನಡಿಗೆಯನ್ನು ಅಳೆದು ಉಣ್ಣುವವನ ಹಸಿವು ಎಂದು ಬರೆದ ಹಾಗೆ. ಅಮೆರಿಕದ ಮಿಶಿಗನ್‌ನಲ್ಲಿ ಜೋಸೆಫ್ ರಾಬಿನ್‌ಸನ್ ಮತ್ತು ಜೇಮ್ಸ್ ಟೀಡ್ಜಿ 1980ರ ದಶಕದ ಮೊದಲಲ್ಲಿ ಈ ಗೊಂದಲವನ್ನು ಬಿಡಿಸಲು ಕುಳಿತರು. ಹಸುವಿನ ಹೊಟ್ಟೆಯ ದ್ರವ, ಚರಂಡಿ ಘಟಕದ ಕೆಸರು, ಕೆರೆಯ ತಳದ ಮಣ್ಣು, ಎಲ್ಲದರಲ್ಲೂ ಜಲಜನಕ ಇಳಿದುಹೋಗುವ ಗೆರೆಯನ್ನು ಅಳೆದರು. ಒಂದೇ ಗೆರೆಯಿಂದ ಮೊನೊ ಸೂತ್ರದ ಸಂಖ್ಯೆಗಳನ್ನು ಹೊರತೆಗೆಯುವ ಲೆಕ್ಕವನ್ನು 1983ರಲ್ಲಿ ಕೊಟ್ಟರು.

ಜರ್ಮನಿಯ ಮಾರ್‌ಬುರ್ಗ್‌ನಲ್ಲಿ 1982ರಲ್ಲಿ ಕ್ರಿಸ್ಟಿಯಾನ್ಸನ್, ಶೋನ್‌ಹೈಟ್ ಮತ್ತು ಟವರ್ ಹಳೆಯ ಒಗಟೊಂದಕ್ಕೆ ಸಂಖ್ಯೆಯಿಂದಲೇ ಉತ್ತರ ಹೇಳಿದ್ದರು. ಸಮುದ್ರದ ಕೆಸರಿನಲ್ಲಿ ಸಲ್ಫೇಟ್ ಇರುವವರೆಗೆ ಮೀಥೇನ್ ಹುಟ್ಟುವುದು ತೀರ ಕಡಿಮೆ. ಸಲ್ಫೇಟ್ ವಿಷವೇ? ಅಲ್ಲ. ಸಲ್ಫೇಟ್ ಉಸಿರಾಡುವ ಜೀವಿ ಅರ್ಧ ವೇಗಕ್ಕೆ ಬರಲು ಲೀಟರಿಗೆ ಒಂದು ಮೈಕ್ರೋಮೋಲ್ ಜಲಜನಕ ಸಾಕು. ಅವರು ಹೋಲಿಸಿದ ಮೀಥೇನ್ ಜೀವಿಗೆ ಸುಮಾರು ಆರು ಬೇಕು. ಒಂದೇ ಪಂಕ್ತಿಯಲ್ಲಿ ಕೂತಾಗ ಮೊದಲನೆಯದು ಎಲೆ ಬಳಿದು ಉಣ್ಣುತ್ತದೆ, ಎರಡನೆಯದರ ಪಾಲಿಗೆ ಏನೂ ಉಳಿಯುವುದಿಲ್ಲ.

ಮೊನೊ ಸೂತ್ರಕ್ಕೆ ಇಲ್ಲಿ ಒಂದು ತಿದ್ದುಪಡಿಯೂ ಬೇಕಾಯಿತು. ಮೂಲ ಸೂತ್ರದ ಪ್ರಕಾರ ಊಟ ಎಷ್ಟೇ ಕಡಿಮೆಯಿದ್ದರೂ ಜೀವಿ ಒಂದಿಷ್ಟು ಬೆಳೆಯುತ್ತಲೇ ಇರಬೇಕು. ಜಲಜನಕ ಉಣ್ಣುವವರು ಹಾಗಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಊಟ ಕಣ್ಣೆದುರಿಗಿದ್ದರೂ ಮುಟ್ಟುವುದಿಲ್ಲ. ಅಷ್ಟು ತೆಳುವಾದ ಜಲಜನಕದಿಂದ ಸಿಗುವ ಶಕ್ತಿ ಜೀವ ಹಿಡಿದಿಡಲೂ ಗಿಟ್ಟುವುದಿಲ್ಲ. ಡೆರೆಕ್ ಲವ್ಲಿ 1985ರಲ್ಲಿ ಮೀಥೇನ್ ಜೀವಿಗಳಿಗೆ ಇಂಥ ಹೊಸ್ತಿಲು ಇರುವುದನ್ನು ತೋರಿಸಿದರು. 1988ರಲ್ಲಿ ಅವರೂ ಸ್ಟೀವ್ ಗುಡ್ವಿನ್ ಅವರೂ ಕೆಸರಿನಲ್ಲಿ ಉಳಿದ ಜಲಜನಕವನ್ನು ಅಳೆದೇ ಅಲ್ಲಿ ಯಾರು ಉಸಿರಾಡುತ್ತಿದ್ದಾರೆಂದು ಹೇಳಬಹುದೆಂದು ತೋರಿಸಿದರು. ಮೀಥೇನ್ ಜೀವಿಗಳ ರಾಜ್ಯವಾದರೆ ಲೀಟರಿಗೆ 7ರಿಂದ 10 ನ್ಯಾನೋಮೋಲ್. ಸಲ್ಫೇಟಿನವರದಾದರೆ 1ರಿಂದ 1.5, ಕಬ್ಬಿಣದವರದಾದರೆ 0.2, ನೈಟ್ರೇಟಿನವರಾದರೆ 0.05ಕ್ಕೂ ಕೆಳಗೆ. ಹತ್ತು ನ್ಯಾನೋಮೋಲ್ ಎಂದರೆ, ಮನೆ ಮಾಳಿಗೆಯ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಒಟ್ಟು 20 ಮೈಕ್ರೋಗ್ರಾಂ. ಎಲೆಯಲ್ಲಿ ಉಳಿದ ಅಗುಳು ನೋಡಿ ಉಂಡವನ ಹೆಸರು ಹೇಳುವ ವಿದ್ಯೆ ಇದು.

ಇತ್ತ ಎಂಜಿನಿಯರುಗಳ ಓಣಿಯಲ್ಲಿಯೂ ಇದೇ ಕೆಲಸ ನಡೆದಿತ್ತು. ಚರಂಡಿ ಕೆಸರನ್ನು ಕೊಳೆಸುವ ತೊಟ್ಟಿಗಳು ಇದ್ದಕ್ಕಿದ್ದಂತೆ ಹುಳಿಯಾಗಿ ಅನಿಲ ನಿಂತುಬಿಡುವುದೇಕೆ ಎಂಬ ಚಿಂತೆ ಅವರದು. ಇಂಗ್ಲೆಂಡಿನ ಮೋಸಿ 1983ರಲ್ಲಿ ಕಟ್ಟಿದ ಮಾದರಿಯಲ್ಲಿ ಜಲಜನಕವೇ ಚುಕ್ಕಾಣಿ: ಉಣ್ಣುವವರು ಹಿಂದೆ ಬಿದ್ದರೆ ಜಲಜನಕ ಏರುತ್ತದೆ, ಅದನ್ನು ಬಿಡುವವರು ದಾರಿ ಬದಲಿಸಿ ಆಮ್ಲಗಳನ್ನು ಸುರಿಯುತ್ತಾರೆ, ಆಮ್ಲ ಹೆಚ್ಚಿದಂತೆ ಉಣ್ಣುವವರು ಇನ್ನಷ್ಟು ಕುಗ್ಗುತ್ತಾರೆ. ಹಲವು ದೇಶದವರು ಸೇರಿ 2002ರಲ್ಲಿ ಪ್ರಕಟಿಸಿದ ಎಡಿಎಂ1 ಎಂಬ ಮಾದರಿ ಇಂಥ ತಿಳುವಳಿಕೆಯನ್ನೆಲ್ಲ ಒಂದು ಚೌಕಟ್ಟಿಗೆ ತಂದಿತು.

ಕನ್ನಡನಾಡಿನಲ್ಲಿ ಈ ಜೀವಿಗಳ ಪರಿಚಯವಾದದ್ದು ಗೋಬರ್ ಗ್ಯಾಸಿನ ಗುಂಡಿಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ ಹುಟ್ಟಿದ ಅಸ್ತ್ರ ಘಟಕ, ಆಗ ಚಾಲ್ತಿಯಲ್ಲಿದ್ದ ಗುಂಡಿಗಳ ಅಳತೆಯನ್ನೇ ಪ್ರಶ್ನಿಸಿತು. ಸಗಣಿಯ ಬಗ್ಗಡ ಗುಂಡಿಯಲ್ಲಿ ಎಷ್ಟು ದಿನ ನಿಲ್ಲಬೇಕು? ಮೀಥೇನ್ ಜೀವಿಗಳು ನಿಧಾನದವು. ಅವು ಇಮ್ಮಡಿಸುವುದಕ್ಕಿಂತ ಬೇಗ ಬಗ್ಗಡವನ್ನು ಹೊರತಳ್ಳಿದರೆ ಜೀವಿಗಳೂ ಕೊಚ್ಚಿಹೋಗುತ್ತವೆ, ಅನಿಲವೂ ನಿಲ್ಲುತ್ತದೆ. ಅಗತ್ಯಕ್ಕಿಂತ ಹೆಚ್ಚು ದಿನ ನಿಲ್ಲಿಸಿದರೆ ಗುಂಡಿ ದೊಡ್ಡದಾಗಿ ಇಟ್ಟಿಗೆ ಸಿಮೆಂಟಿನ ಖರ್ಚು ಬಡವನ ತಲೆಗೆ ಬರುತ್ತದೆ. ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿದರೆ ಅದೇ ಅನಿಲ ಕಡಿಮೆ ಖರ್ಚಿನಲ್ಲಿ ಸಿಗುತ್ತದೆಂದು 1979ರಲ್ಲಿ ಅವರು ಲೆಕ್ಕ ಕೊಟ್ಟರು.

ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಆ ಲೆಕ್ಕ ಬೀದಿಗಿಳಿಯಿತು. ಊರಿನ ಸಗಣಿಯಿಂದ ಎಲ್ಲ ಮನೆಗೂ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಆಸೆ. ಅಷ್ಟು ಸಗಣಿ ಊರಲ್ಲಿ ಇರಲಿಲ್ಲ. ಊರಿಗೆ ಬೇಕಾದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲ ಡೀಸೆಲ್ ಎಂಜಿನ್ನಿಗೆ ಹೋಗಿ, 5 ಕಿಲೋವ್ಯಾಟ್ ಜನರೇಟರ್ ತಿರುಗಿಸಿ, ಕೊಳವೆಬಾವಿಯ ನೀರು ಮೇಲೆತ್ತಿತು, ಮನೆಗಳಿಗೆ ದೀಪ ಹತ್ತಿಸಿತು. ಸಗಣಿ ಹೊತ್ತು ತಂದ ಹೆಂಗಸರಿಗೆ ತೂಕದ ಮೇಲೆ ಹಣ, ತಿರುಗಿ ಒಯ್ಯಲು ಗೊಬ್ಬರ. ಆ ಬುಟ್ಟಿಗಳ ತೂಕ ಬರೆದ ಪುಸ್ತಕವೂ ಈ ಇತಿಹಾಸಕ್ಕೇ ಸೇರಿದ್ದು ಎಂದು ಎದೆತಟ್ಟಿ ಹೇಳಬೇಕು.

ಹೊಸ ಅಗತ್ಯಗಳು ಹಳೆಯ ಸೂತ್ರವನ್ನು ಮತ್ತೆ ಮತ್ತೆ ಕೈಗೆತ್ತಿಸಿವೆ. ಬಟ್ಟೆ ತೊಳೆಯುವ ಅಂಗಡಿಗಳು ಬಳಸುವ ಕ್ಲೋರಿನ್ ದ್ರಾವಕಗಳು ಅಂತರ್ಜಲಕ್ಕೆ ಸೇರಿದರೆ ದಶಕಗಟ್ಟಲೆ ಉಳಿಯುತ್ತವೆ. ಆ ದ್ರಾವಕವನ್ನೇ ಉಸಿರಾಡಿ ಜಲಜನಕ ಉಣ್ಣುವ ಜೀವಿಯೊಂದು ಅಮೆರಿಕದ ಇಥಾಕಾ ಪಟ್ಟಣದ ಚರಂಡಿ ಕೆಸರಿನಲ್ಲಿ ಸಿಕ್ಕಿತು. ಕಾರ್ನೆಲ್ ವಿಶ್ವವಿದ್ಯಾಲಯದವರು 1996ರಲ್ಲಿ ಅಳೆದಾಗ ದ್ರಾವಕ ಉಸಿರಾಡುವವರ ಅರ್ಧವೇಗದ ಸಂಖ್ಯೆ 0.1 ಮೈಕ್ರೋಮೋಲಿನ ಆಸುಪಾಸಿನಲ್ಲಿತ್ತು, ಪಕ್ಕದ ಮೀಥೇನ್ ಜೀವಿಗಳದು ಸುಮಾರು ಒಂದು. ಹಾಗಾಗಿ ನೆಲದೊಳಗೆ ಜಲಜನಕವನ್ನು ಒಮ್ಮೆಲೇ ಸುರಿದರೆ ಮೀಥೇನಿನವರಿಗೆ ಹಬ್ಬ. ತೊಟ್ಟು ತೊಟ್ಟಾಗಿ ಹುಟ್ಟುವಂತೆ ಮಾಡಿದರೆ ನೀರು ಶುದ್ಧ ಮಾಡುವವರಿಗೆ ಗೆಲುವು. ಫೆನೆಲ್ ಮತ್ತು ಗಾಸೆಟ್ 1998ರಲ್ಲಿ ಈ ಪೈಪೋಟಿಯನ್ನು ಸಮೀಕರಣಗಳಲ್ಲಿ ಹಿಡಿದರು.

ಈಗ ಗಾಳಿ ಬಿಸಿಲಿನ ವಿದ್ಯುತ್ತಿನಿಂದ ಜಲಜನಕ ತಯಾರಿಸಿ ನೆಲದಡಿ ತುಂಬಿಡುವ ಮಾತು ಬಂದಿರುವುದರಿಂದ ಲೊಬೊಡಿತ್ಸೆಯ ಹಳೆಯ ಅಂಕಿಗಳನ್ನು ಎಲ್ಲರೂ ಹೊರತೆಗೆದಿದ್ದಾರೆ. ಆಸ್ಟ್ರಿಯಾದಲ್ಲಿ ಬರಿದಾದ ಅನಿಲ ನಿಕ್ಷೇಪವೊಂದಕ್ಕೆ ನೈಸರ್ಗಿಕ ಅನಿಲದ ಜೊತೆ ಜಲಜನಕ ಬೆರೆಸಿ ಇಳಿಸಿದರು. 285 ದಿನಗಳ ಪ್ರಯೋಗದಲ್ಲಿ ಶೇಕಡಾ 84ರಷ್ಟು ತಿರುಗಿ ಬಂತು ಎಂಬ ವರದಿ 2024ರಲ್ಲಿ ಹೊರಬಂದಿದೆ. ಜೀವಿಗಳು ಒಳಗೆ ಅದನ್ನು ಮೀಥೇನ್ ಮಾಡುತ್ತಿದ್ದುದೂ ಕಂಡಿದೆ. ಬೇಕೆಂದೇ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಕಳಿಸಿ, ಅವರಿಂದ ಮೀಥೇನ್ ಮಾಡಿಸಿಕೊಳ್ಳುವ ಯೋಚನೆಯೂ ಜೊತೆಗೇ ಸಾಗಿದೆ.

ಕಲ್ಲಿನೊಳಗಿನ ಲೆಕ್ಕ ಶೀಷೆಯ ಲೆಕ್ಕದಷ್ಟು ಸುಲಭವಲ್ಲ. ಉಪ್ಪು, ಬಿಸಿ, ಒತ್ತಡ, ಕಲ್ಲಿನ ರಂಧ್ರದಲ್ಲಿ ನೀರು ಎಷ್ಟು ತೆಳ್ಳಗೆ ಅಂಟಿದೆ ಎಂಬುದೂ ಸೂತ್ರದೊಳಗೆ ಬರಬೇಕು. ಗರಿಷ್ಠ ವೇಗ, ಅರ್ಧವೇಗದ ಜಲಜನಕ, ಇಳುವರಿ, ಹೊಸ್ತಿಲು ಎಲ್ಲವನ್ನೂ ಕೈಯಲ್ಲಿ ಹಿಡಿದ ಮೇಲೂ ಮಾದರಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಶುರುವಿನಲ್ಲಿ ಒಳಗೆ ಎಷ್ಟು ಜನ ಇದ್ದಾರೆ? ಅದಕ್ಕೆ ಉತ್ತರ ಬೇಕಾದರೆ ಬಾವಿಗೆ ಪಾತ್ರೆ ಇಳಿಸಿ, ಒತ್ತಡ ಕೆಡದಂತೆ, ಗಾಳಿ ತಾಗದಂತೆ ನೀರನ್ನು ಮೇಲೆತ್ತಿ, ಲೊಬೊಡಿತ್ಸೆಯವರು ಮಾಡಿದ ಹಾಗೆ ಮಿಲಿಲೀಟರಿಗೆ ಇಷ್ಟೆಂದು ಕೂತು ಎಣಿಸಬೇಕು.